ನೌಕೆಗೆ ಕಟ್ಟಿದ ತೆನೆ

ನವರಾತ್ರಿಯ ಆ ಬೆಳಿಗ್ಗೆ ಪ್ರಭಾವತಿ ಒಟ್ಟು ಮೂವತ್ತೊಂದು ಕಡೆ ಹೊಸ ಭತ್ತದ ತೆನೆ ಕಟ್ಟಿದಳು. ಕಾರ್ಕಳದ ಹತ್ತಿರದ ಕುಕ್ಕುಂದೂರಿನ ಆ ಮನೆಗೆ ಸೊಸೆಯಾಗಿ ಬಂದಂದಿನಿಂದ ತೆನೆ ಕಟ್ಟುವ ಕೆಲಸ ಅವಳದ್ದೇ. ಗಂಡ ದಾಮೋದರ ಗದ್ದೆಯಿಂದ ತೆನೆ ಕೊಯ್ದು ತಂದು ತುಳಸಿಕಟ್ಟೆಯ ಮುಂದೆ ಇಟ್ಟು ಕೈಮುಗಿದರೆ ಅವನ ಪಾಲಿನದ್ದು ಮುಗಿಯಿತು. ಆಮೇಲೆ ಮಾವಿನ ಎಲೆ, ಹಲಸಿನ ಎಲೆ, ಬಿದಿರಿನ ಎಲೆ ಜೋಡಿಸಿ, ನಡುವೆ ತೆನೆ ಸೇರಿಸಿ, ನಾರಿನಿಂದ ಬಿಗಿದು ಮನೆಯ ಒಂದೊಂದು ವಸ್ತುವಿಗೂ ಕಟ್ಟುತ್ತ ಹೋಗುವುದು. ಬಾಗಿಲ ದಾರಂದ, ಬಾವಿಯ ರಾಟೆ, ಅಕ್ಕಿಯ ಡಬ್ಬ, ಕಡೆಯುವ ಕಲ್ಲು, ದನದ ಹಟ್ಟಿಯ ಕಂಬ, ನೊಗ, ಆ ನೊಗವನ್ನು ಮೂಲೆಗೆ ಸೇರಿಸಿದ ಟಿಲ್ಲರು, ದಾಮೋದರನ ಸ್ಕೂಟರು, ಪಂಪ್‌ಸೆಟ್ಟು. ಗ್ಯಾಸ್ ಸಿಲಿಂಡರಿಗೂ ಅವಳು ಕಟ್ಟುತ್ತಿದ್ದಳು. ನಮ್ಮ ಜಾಗದ ಒಳಗೆ ನಿಂತು ದುಡಿಯುವ ಯಾವುದನ್ನೂ ಬಿಡಬಾರದು ಎಂದು ಅತ್ತೆ ಹೇಳಿಕೊಟ್ಟದ್ದು.

ಆ ವರ್ಷ ಗದ್ದೆಯ ಬದಿಯಲ್ಲಿ ಹೊಸದೊಂದು ವಸ್ತು ನಿಂತಿತ್ತು: ಬೇರೊಂದು ನಕ್ಷತ್ರದಿಂದ ಬಂದ ನೌಕೆ.

ಅದು ಮೂಲದಲ್ಲಿ ಬಿರುಕು ಬಿಟ್ಟ ನೀರಿನ ಟ್ಯಾಂಕಿ. ಕಾರ್ಕಳದಲ್ಲಿ ಮಾಡಿನ ಮಳೆನೀರು ಇಳಿಸುವ ತಗಡಿನ ದಂಬೆ ಮಾಡಿಕೊಡುವ ಆಂಟನಿ ಅದಕ್ಕೆ ಸುತ್ತ ತಗಡು ಹೊದೆಸಿ, ಮೂರು ಕಾಲು ಬೆಸೆದು, ತೆರೆದು ಮುಚ್ಚುವ ಒಂದು ಬಾಗಿಲು ಇಟ್ಟು, ಬೆಳ್ಳಿ ಬಣ್ಣ ಬಳಿದಿದ್ದ. "ಮಳೆ ಬಂದ್ರೂ ಒಂದು ಹನಿ ಒಳಗೆ ಹೋಗುದಿಲ್ಲ ಪ್ರಭಕ್ಕ," ಎಂದು ಅವನು ಗ್ಯಾರಂಟಿ ಕೊಟ್ಟಿದ್ದ. ಆಕಾಶದಲ್ಲಿ ಮಳೆ ಉಂಟಾ ಎಂದು ಅವಳು ಕೇಳಿದ್ದಳು. ಆಂಟನಿ ಬೆಸುಗೆಯ ಕನ್ನಡಕ ಹಣೆಗೇರಿಸಿ ಸ್ವಲ್ಪ ಹೊತ್ತು ಮೇಲೆ ನೋಡಿ, "ಮಕ್ಕಳ ಹತ್ರ ಕೇಳ್ಬೇಕು," ಎಂದಿದ್ದ.

ಮಕ್ಕಳು ಎಂದರೆ ಸಂಹಿತಾ ಮತ್ತು ಡೆನ್ವರ್. ಸಂಹಿತಾ ಪ್ರಭಾವತಿಯ ತಂಗಿಯ ಮಗಳು, ಅಲೆವೂರಿನವಳು. ಮಣಿಪಾಲದ ಒಂದು ಕಾಲೇಜಿನಲ್ಲಿ ಸಿನಿಮಾ ಮಾಡುವುದನ್ನು ಕಲಿಯುತ್ತಿದ್ದಳು. ಡೆನ್ವರ್ ಅವಳ ತರಗತಿಯವನು, ಕಾಪುವಿನ ಹುಡುಗ. ಕೊನೆಯ ವರ್ಷದ ಚಿತ್ರವನ್ನು ಇಬ್ಬರೂ ಸೇರಿ ಮಾಡುವುದೆಂದು ಆಗಿತ್ತು. ಇನ್ನೊಂದು ನಕ್ಷತ್ರದಿಂದ ಒಬ್ಬ ಬರುತ್ತಾನೆ. ಅವನ ನೌಕೆ ಗದ್ದೆಯ ಬದಿಯಲ್ಲಿ ಇಳಿಯುತ್ತದೆ. ಪೊಲೀಸರು ಅವನನ್ನು ಅಟ್ಟಿಸಿಕೊಂಡು ಹೋಗುತ್ತಾರೆ. ಕಾಪುವಿನ ಕಡಲ ಬದಿಯ ಬಂಡೆಗಳ ಮೇಲೆಲ್ಲ ಓಡಿ, ತಪ್ಪಿಸಿಕೊಂಡು, ಅವನು ನೌಕೆಯ ಹತ್ತಿರ ಮರಳಿ ಬರುತ್ತಾನೆ. ಅಲ್ಲಿ ಗದ್ದೆಯ ಬದುವಿನ, ಅಂದರೆ ಹುಣಿಯ, ಮೇಲೆ ಒಬ್ಬ ಹೆಂಗಸು ಕುಳಿತಿರುತ್ತಾಳೆ. ಓಟದ ಭಾಗ ಡೆನ್ವರ್ ಬರೆದದ್ದು, ಹುಣಿಯ ಭಾಗ ಸಂಹಿತಾ ಬರೆದದ್ದು. ಹುಣಿಯ ಮೇಲೆ ಕುಳಿತ ಹೆಂಗಸು ಪ್ರಭಾವತಿ.

ನೌಕೆ ಇಳಿಯುವ ದೃಶ್ಯವನ್ನು ಹೊಗೆ ಹಾಕಿ, ಫ್ಯಾನ್ ಬೀಸಿ ಚಿತ್ರೀಕರಿಸಿ ಆಗಲೇ ನಾಲ್ಕು ದಿನವಾಗಿತ್ತು. ಹುಣಿಯ ಮಾತಿನ ದೃಶ್ಯಕ್ಕೆ ಗೊತ್ತುಮಾಡಿದ್ದು ತೆನೆ ಕಟ್ಟಿದ ದಿನವೇ. ಬೆಳಿಗ್ಗೆ ಎಲ್ಲ ಕಡೆ ಕಟ್ಟಿ ಮುಗಿಸಿದಾಗ ಪ್ರಭಾವತಿಯ ಕೈಯಲ್ಲಿ ಎರಡು ಕಟ್ಟು ಉಳಿದಿತ್ತು. ಒಂದನ್ನು ಮಕ್ಕಳು ಬಿಟ್ಟುಹೋಗಿದ್ದ ಕ್ಯಾಮೆರಾದ ಮೂರು ಕಾಲಿನ ಸ್ಟ್ಯಾಂಡಿಗೆ ಕಟ್ಟಿದಳು. ಇನ್ನೊಂದನ್ನು ನೌಕೆಯ ಬಾಗಿಲ ಹಿಡಿಗೆ ಕಟ್ಟಿ, ಎಲೆ ಸರಿಮಾಡಿ, ಕೈಮುಗಿದು, ಹಾಲು ಕರೆಯಲು ಹೋದಳು. ಇದರಲ್ಲಿ ಯೋಚನೆ ಮಾಡುವಂಥದ್ದು ಏನಿದೆ ಎಂದು ಅವಳಿಗೆ ಅನಿಸಲೇ ಇಲ್ಲ.

ಪಕ್ಕದ ಮನೆಯ ಸುಘೋಷ ನಕ್ಷತ್ರದವನು. ಮಣಿಪಾಲದಲ್ಲಿ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವ ಉದ್ದದ ಹುಡುಗ. ಅವನಿಗೆ ಮೈಗೆ ಹತ್ತುವ ಬೆಳ್ಳಿ ಅಂಗಿ ಹಾಕಿಸಿ, ಮುಖಕ್ಕೂ ಬೆಳ್ಳಿ ಬಳಿದಿದ್ದರು. ಪ್ರಭಾವತಿ ಅವನನ್ನು ತೊಟ್ಟಿಲಲ್ಲಿ ಕಂಡವಳು. ಆದರೂ ಆ ದಿನ, ಬೆಳೆದ ಭತ್ತದ ನಡುವಿನಿಂದ ಅವನು ಎದ್ದು ಬಂದು ಎದುರಿಗೆ ನಿಂತಾಗ, ಬಿಸಿಲು ಅವನ ಮೇಲೆ ಬಿದ್ದು ಕಣ್ಣು ಕೋರೈಸಿದಾಗ, ಅವಳಿಗೆ ಒಂದು ಕ್ಷಣ ನಿಜವಾಗಿಯೂ ಗುರುತು ಹತ್ತಲಿಲ್ಲ. "ಆಂಟಿ, ಮೊದಲು ಸುಮ್ಮನೆ ನೋಡಿ, ಆಮೇಲೆ ಡೈಲಾಗ್," ಎಂದು ಡೆನ್ವರ್ ಹೇಳಿಯೇ ಇದ್ದ. ಅವಳು ನೋಡಿದಳು. ನೋಡಿ, ಬಾಯಿಗೆ ಬಂದದ್ದನ್ನು ಕೇಳಿಬಿಟ್ಟಳು:

"ನೀವು ಯಾರ ಮನೆಯವರು?"

ಸುಘೋಷ ತಬ್ಬಿಬ್ಬಾದ. ಆ ಮಾತು ಅವನ ಕಾಗದದಲ್ಲಿ ಇರಲಿಲ್ಲ. ಅವನು ಬಾಯಿ ತೆರೆದು, ಮುಚ್ಚಿ, ಹಿಂದೆ ತಿರುಗಿ ಆಕಾಶ ನೋಡಿದ. ಕ್ಯಾಮೆರಾ ಓಡುತ್ತಲೇ ಇತ್ತು. ಆಮೇಲೆ ಪ್ರಭಾವತಿ ಸಂಹಿತಾ ಬರೆದುಕೊಟ್ಟ ಮಾತನ್ನು ಶುರುಮಾಡಿದಳು. ನಾಲ್ಕು ನಿಮಿಷದ ಮಾತು. ಎಂಟು ದಿನ ಹಾಲು ಕರೆಯುವಾಗ ಹೇಳಿ ಹೇಳಿ ಬಾಯಿಪಾಠ ಮಾಡಿದ್ದಳು. "ಓ ಅಪರಿಚಿತನೇ, ಮಣ್ಣು ಎಂದರೆ ಬ್ರಹ್ಮಾಂಡದ ನೆನಪು" ಎಂದು ಅದರ ಆರಂಭ. ಒಂದು ಕಡೆಯೂ ತಪ್ಪದೆ ಹೇಳಿದಳು. ಹಸಿರು ಸೀರೆ ಉಟ್ಟಿದ್ದಳು. ಕ್ಯಾಮೆರಾ ತೀರ ಹತ್ತಿರ ಬಂದು ಅವಳ ಮುಖವನ್ನೇ ತುಂಬಿಕೊಂಡಿತು. ಮುಗಿದಾಗ ಸಂಹಿತಾ ಅವಳನ್ನು ತಬ್ಬಿಕೊಂಡಳು.

ಮರುದಿನವೇ ಪ್ರಭಾವತಿ ಅಲೆವೂರಿನ ಅಣ್ಣನಿಗೆ ಫೋನ್ ಮಾಡಿ, ತಾನು ಸಿನಿಮಾದಲ್ಲಿ ಇರುವುದನ್ನು ಹೇಳಿದಳು. ತಂಗಿಗೆ ಮೊದಲೇ ಗೊತ್ತಿತ್ತು. ದಿನವೂ ಒಂದು ಕುಡ್ತೆ ಹಾಲಿಗೆ ಬರುವ ವೆರೊನಿಕಾ ಬಾಯಮ್ಮನಿಗೆ ಹೇಳಿದಳು. ವೆರೊನಿಕಾ ಬಾಯಮ್ಮನಿಗೆ ಹೇಳಿದ ಮೇಲೆ ಬೇರೆ ಯಾರಿಗೂ ಹೇಳಬೇಕಾಗಿ ಬರಲಿಲ್ಲ.

*

ಭತ್ತ ಕಟಾವಾಯಿತು. ಯಂತ್ರ ಬಂದು ಅರ್ಧ ದಿನದಲ್ಲಿ ಗದ್ದೆ ಬೋಳಾಯಿತು. ಬೈಹುಲ್ಲಿನ ಉಂಡೆಗಳನ್ನು ಹಟ್ಟಿಯ ಅಟ್ಟಕ್ಕೆ ಏರಿಸಿದ ಮರುದಿನ ಮಧ್ಯಾಹ್ನ ಸಂಹಿತಾ ಮತ್ತು ಡೆನ್ವರ್ ಸ್ಕೂಟರಿನಲ್ಲಿ ಬಂದರು. ಇಬ್ಬರ ಮುಖವೂ ಒಂದೊಂದು ಕಡೆಗೆ ತಿರುಗಿತ್ತು. ದಾರಿಯುದ್ದಕ್ಕೂ ಜಗಳ ಮಾಡಿಕೊಂಡೇ ಬಂದಿದ್ದಾರೆ ಎಂದು ಪ್ರಭಾವತಿಗೆ ಅವರು ಚಪ್ಪಲಿ ಬಿಟ್ಟ ರೀತಿಯಲ್ಲೇ ಗೊತ್ತಾಯಿತು.

ಡೆನ್ವರ್ ಜಗಲಿಯಲ್ಲಿ ಕುಳಿತು ಲ್ಯಾಪ್‌ಟಾಪ್ ತೆರೆದ. ಹುಣಿಯ ದೃಶ್ಯ ಬಂತು. ಅವನು ಅದನ್ನು ನಿಲ್ಲಿಸಿ, ಬೆರಳಿಟ್ಟು ತೋರಿಸಿದ.

"ಆಂಟಿ, ಇದು ಎಂತ?"

ಪ್ರಭಾವತಿ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದಳು. "ತೆನೆ."

"ತೆನೆ ಅಂತ ಗೊತ್ತುಂಟು. ಅಲ್ಲಿ ಎಂತ ಮಾಡ್ತಾ ಉಂಟು ಅದು?"

"ಆ ದಿನ ಕಟ್ಟಿದ್ದಲ್ವಾ ಮಗ. ಎಲ್ಲದಕ್ಕೂ ಕಟ್ಟಿದ್ದು."

"ಎಲ್ಲದಕ್ಕೂ ಕಟ್ಟಿ ಆಂಟಿ, ನಂಗೆ ಬೇಜಾರಿಲ್ಲ. ಇದು ಬೇರೆ ನಕ್ಷತ್ರದಿಂದ ಬಂದ ನೌಕೆ! ಇಳಿಯುವಾಗ ಇಲ್ಲ, ಆಮೇಲೆ ಉಂಟು. ಒಂದು ಶಾಟಿನಲ್ಲಿ ಅಲ್ಲ, ಪೂರಾ ಏಳು ನಿಮಿಷದ ಸೀನಿನಲ್ಲಿ ನಿಮ್ಮ ತಲೆಯ ಆಚೆ ನೇತಾಡ್ತಾ ಉಂಟು."

ಪ್ರಭಾವತಿಗೆ ಕಿವಿ ಬಿಸಿಯಾಯಿತು. "ನೀವಾದರೂ ಆ ದಿನ ನೋಡಬಾರದಿತ್ತಾ?"

"ಅದೇ ನನಗೂ ಆಶ್ಚರ್ಯ ದೊಡ್ಡಮ್ಮ," ಎಂದಳು ಸಂಹಿತಾ. "ನಾನು ನೋಡಿದ್ದೆ. ಕಣ್ಣಿಗೆ ಬಿದ್ದಿತ್ತು. ಆ ದಿನ ತೆನೆ ಇಲ್ಲದ ವಸ್ತುವೇ ಇರಲಿಲ್ಲವಲ್ಲ, ಹಾಗಾಗಿ ಕಂಡದ್ದು ಕಾಣಲಿಲ್ಲ."

"ಇವನಿಗೆ?"

ಡೆನ್ವರ್ ತಲೆ ಕೆರೆದುಕೊಂಡ. "ನಮ್ಮ ಕ್ರಿಶ್ಚನ್ನರಲ್ಲೂ ಮೊಂತಿ ಹಬ್ಬಕ್ಕೆ ಇಗರ್ಜಿಯಿಂದ ತೆನೆ ತಂದು ಮನೆಯ ಅಲ್ತಾರಿನ ಹತ್ರ ಇಡ್ತೇವಲ್ಲ ಆಂಟಿ. ಕ್ಯಾಮೆರಾ ಸ್ಟ್ಯಾಂಡಿನಲ್ಲೂ ಇತ್ತು. ನಾನೇ ಅದನ್ನು ಬದಿಗೆ ಸರಿಸಿ ಫೋಕಸ್ ಮಾಡಿದ್ದು."

ಗದ್ದೆ ಬೋಳಾಗಿದೆ, ಮತ್ತೆ ಚಿತ್ರೀಕರಿಸುವಂತಿಲ್ಲ. ಕಂಪ್ಯೂಟರಿನಲ್ಲಿ ತೆನೆಯನ್ನು ಅಳಿಸಲು ಮೂರು ವಾರ ಬೇಕಂತೆ. ಚಿತ್ರ ಒಪ್ಪಿಸಲು ಉಳಿದಿರುವುದು ಎಂಟು ದಿನ. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿತ್ತು. ಕಾಲೇಜಿನವರು ಇಪ್ಪತ್ತು ನಿಮಿಷ ಎಂದು ಮಿತಿ ಹಾಕಿದ್ದರು. ಚಿತ್ರ ಇಪ್ಪತ್ತಾರು ನಿಮಿಷ ಆಗಿತ್ತು. ಯಾವುದನ್ನು ತೆಗೆಯುವುದು ಎಂದು ಇಬ್ಬರಿಗೂ ವಾರದಿಂದ ವಾದ ನಡೆದಿತ್ತು. ಈಗ ತೆನೆ ಸಿಕ್ಕಿದ ಮೇಲೆ ಡೆನ್ವರನ ಕೈ ಮೇಲಾಗಿತ್ತು.

"ಹುಣಿಯ ಸೀನ್ ತೆಗೆದರೆ ಎರಡೂ ಸರಿಯಾಗ್ತದೆ," ಎಂದ ಅವನು. "ತಪ್ಪೂ ಹೋಗ್ತದೆ, ಟೈಮೂ ಸರಿಯಾಗ್ತದೆ. ಅವನು ಬಂದ, ಓಡಿದ, ನೌಕೆ ಹತ್ತಿದ, ಹೋದ. ಜನರಿಗೆ ಮಜಾ ಬರ್ತದೆ."

"ಓಡಿಸುವುದೇ ಆದ್ರೆ ಕಳ್ಳನನ್ನು ಓಡಿಸಬಹುದಿತ್ತಲ್ಲ," ಎಂದಳು ಸಂಹಿತಾ. "ಅಷ್ಟು ದೂರದ ನಕ್ಷತ್ರದಿಂದ ಒಬ್ಬನನ್ನು ಯಾಕೆ ಕರೆಸಬೇಕು? ಕಾಪು ಬೀಚಿನಲ್ಲಿ ಓಡ್ಲಿಕ್ಕಾ?"

"ನಿನ್ನ ಹಾಗೆ ಅವನನ್ನು ಕೂರಿಸಿ ಭಾಷಣ ಕೊಡ್ಲಿಕ್ಕಾ ಹಾಗಾದ್ರೆ? ಯೋಚನೆ ಮಾಡುವವರಿಗೆ ಪುಸ್ತಕ ಉಂಟು ಮಾರಾಯ್ತಿ. ನನ್ನ ಡ್ಯಾಡಿ ಇಡೀ ದಿನ ಬಲೆ ಎಳೆದು ಬಂದು ಟಿವಿ ಹಾಕುವುದು ಯೋಚನೆ ಮಾಡ್ಲಿಕ್ಕಲ್ಲ."

"ನಿನ್ನ ಡ್ಯಾಡಿಗೆ ತಲೆ ಇಲ್ಲ ಅಂತ ನೀನು ಹೇಳುವುದು. ನಾನಲ್ಲ."

"ಏಯ್!"

ಪ್ರಭಾವತಿ ಎದ್ದು ಒಳಗೆ ಹೋಗಿ ಎರಡು ಲೋಟ ಮಜ್ಜಿಗೆ ತಂದಿಟ್ಟಳು. ಹುಣಿಯ ದೃಶ್ಯ ಹೋದರೆ ಅವಳೂ ಹೋದಳು. ಬೇರೆಲ್ಲೂ ಅವಳು ಇರಲಿಲ್ಲ. ಅಣ್ಣನಿಗೆ ಏನು ಹೇಳುವುದು, ವೆರೊನಿಕಾ ಬಾಯಮ್ಮನಿಗೆ ಏನು ಹೇಳುವುದು. ನಾಚಿಕೆಯ ಮಾತು ಹಾಗಿರಲಿ. ಆ ಬೆಳ್ಳಿಯ ಮನುಷ್ಯ ಎದುರಿಗೆ ನಿಂತಾಗ ಎದೆಯೊಳಗೆ ಏನೋ ತೆರೆದುಕೊಂಡಂತೆ ಆಗಿತ್ತು. ಹತ್ತನೇ ತರಗತಿಯಲ್ಲಿ ನಕ್ಷತ್ರಗಳ ಪಾಠ ಮಾಡುವಾಗ ಅವಳು ಎದ್ದು ನಿಂತು, ಅಲ್ಲಿಯವರಿಗೆ ನಾವು ಯಾವ ದಿಕ್ಕಿನಲ್ಲಿ ಕಾಣುತ್ತೇವೆ ಎಂದು ಕೇಳಿದ್ದಳು. ಪರೀಕ್ಷೆಗೆ ಬರುವುದನ್ನು ಕೇಳು ಎಂದು ಮಾಷ್ಟ್ರು ಕೂರಿಸಿದ್ದರು. ಆಮೇಲೆ ಅಂಥ ಪ್ರಶ್ನೆ ಕೇಳುವ ಸಂದರ್ಭ ಅವಳಿಗೆ ಬಂದದ್ದು ಮೊನ್ನೆ ಹುಣಿಯ ಮೇಲೆಯೇ. ಅದನ್ನು ತನ್ನ ಕೈಯಾರೆ ತಾನೇ ಹಾಳುಮಾಡಿದ್ದಳು.

ಡೆನ್ವರ್ ಹೇಳುವುದರಲ್ಲಿ ಸುಳ್ಳಿಲ್ಲ ಎಂದೂ ಅವಳಿಗೆ ಅನಿಸಿತು. ಓಟ ಅವಳಿಗೂ ಇಷ್ಟವಾಗಿತ್ತು. ಸಂಹಿತಾ ಹೇಳುವುದರಲ್ಲೂ ಸುಳ್ಳಿರಲಿಲ್ಲ. ಜನ ಇದನ್ನು ನಿಜವಾಗಿ ಹೇಗೆ ನೋಡುತ್ತಾರೆ ಎಂದು ತಿಳಿಯಬೇಕು ಎನಿಸಿತು ಅವಳಿಗೆ. ತನ್ನ ದೃಶ್ಯ ಉಳಿಯಬೇಕೆಂಬ ಆಸೆಯ ಪಕ್ಕದಲ್ಲೇ ಈ ಕುತೂಹಲವೂ ಬಂದು ಕುಳಿತಿತು.

"ನೀವಿಬ್ಬರೂ ಜನರಿಗೆ ಹೀಗೆ, ಜನರಿಗೆ ಹಾಗೆ ಅಂತ ಹೇಳ್ತಾ ಇದ್ದೀರಿ," ಎಂದಳು. "ಜನರನ್ನು ಕೇಳಿದ್ದೀರಾ?"

ಡೆನ್ವರ್ ಮಜ್ಜಿಗೆಯ ಲೋಟ ಎತ್ತಿಕೊಂಡ. ಪ್ರಭಾವತಿ ಮುಂದುವರಿಸಿದಳು:

"ಇಡೀ ಸಿನಿಮಾ ನಮ್ಮ ಡೈರಿಯಲ್ಲಿ ತೋರಿಸಿ. ತೆನೆ ನೋಡಿ ಜನ ನಕ್ಕರೆ ನನ್ನ ಸೀನ್ ತೆಗೀರಿ. ನಾನು ಎಂತದೂ ಹೇಳುದಿಲ್ಲ."

"ದೊಡ್ಡಮ್ಮ!" ಎಂದಳು ಸಂಹಿತಾ.

"ಆಯ್ತು ಆಂಟಿ," ಎಂದ ಡೆನ್ವರ್ ತಟ್ಟನೆ. ಅವನಿಗೆ ಜನ ನಗುವುದರಲ್ಲಿ ಅನುಮಾನವೇ ಇರಲಿಲ್ಲ.

*

ದಾಮೋದರ ಹಾಲಿನ ಸೊಸೈಟಿಯ ನಿರ್ದೇಶಕರಲ್ಲಿ ಒಬ್ಬ. ಊರಿನವರು ಡೈರಿ ಎನ್ನುವ ಆ ಕಟ್ಟಡದ ಮಹಡಿಯಲ್ಲಿ ವರ್ಷಕ್ಕೊಮ್ಮೆ ಮಹಾಸಭೆ ನಡೆಯುವ ಹಾಲ್ ಇತ್ತು. ಆದಿತ್ಯವಾರ ಮೂರೂವರೆಗೆ ಸಿನಿಮಾ, ಐದಕ್ಕೆ ಹಾಲು ಅಳೆಯುವುದು ಎಂದು ಗೊತ್ತಾಯಿತು. ಕಿಟಕಿಗಳಿಗೆ ಹಿಂಡಿಯ ಖಾಲಿ ಚೀಲ ಸಿಕ್ಕಿಸಿ ಕತ್ತಲೆ ಮಾಡಿದರು. ಗೋಡೆಗೆ ದಾಮೋದರನ ಬಿಳಿ ಪಂಚೆ. ಬಂದವರು ಹಾಲಿನ ಕ್ಯಾನುಗಳನ್ನು ಕೆಳಗೆ ನೆರಳಿನಲ್ಲಿ ಸಾಲಾಗಿ ಇಟ್ಟು ಮೇಲೆ ಬಂದರು. ಒಟ್ಟು ನಲವತ್ತು ಜನ ಆಗಿರಬಹುದು. ಆಂಟನಿ ಮುಂದಿನ ಸಾಲಿನಲ್ಲಿ ಕುಳಿತಿದ್ದ. ತನ್ನ ಟ್ಯಾಂಕಿಯನ್ನು ನೋಡಲು ಹೆಂಡತಿಯನ್ನೂ ಕರೆತಂದಿದ್ದ. ವೆರೊನಿಕಾ ಬಾಯಮ್ಮ ಇಗರ್ಜಿಗೆ ಉಡುವ ಸೀರೆ ಉಟ್ಟು ಬಂದಿದ್ದಳು.

ಪ್ರಭಾವತಿ ಪಂಚೆಯ ಪಕ್ಕದಲ್ಲಿ, ಗೋಡೆಗೆ ಒರಗಿ, ಅಡ್ಡಲಾಗಿ ಕುಳಿತಳು. ಅಲ್ಲಿಂದ ಸಿನಿಮಾ ಓರೆಯಾಗಿ ಕಾಣುತ್ತಿತ್ತು, ಜನರ ಮುಖ ನೇರವಾಗಿ ಕಾಣುತ್ತಿತ್ತು. ಅವಳಿಗೆ ಬೇಕಾದದ್ದು ಅದೇ.

ಹೊಗೆಯ ನಡುವೆ ನೌಕೆ ಇಳಿಯಿತು. "ನಮ್ಮದೇ," ಎಂದ ಆಂಟನಿ ಹೆಂಡತಿಗೆ, ಎಲ್ಲರಿಗೂ ಕೇಳುವಂತೆ. ಪೊಲೀಸರ ಜೀಪು ಬಂತು. ಓಟ ಶುರುವಾಯಿತು. ಡ್ರೋನಿನ ಕಣ್ಣಿನಿಂದ ಕಾಪುವಿನ ದೀಪಸ್ತಂಭ, ಬಂಡೆಗೆ ಒಡೆಯುವ ತೆರೆ, ನಡುವೆ ಬೆಳ್ಳಿಯ ಚುಕ್ಕೆಯಂತೆ ಓಡುವ ಸುಘೋಷ. ಜನ ಮುಂದಕ್ಕೆ ಬಗ್ಗಿದರು. "ಓಡು ಮಾರಾಯ, ಓಡು!" ಎಂದು ಯಾರೋ ಕೂಗಿದರು. ಸುಘೋಷನ ತಾಯಿ, "ಅಯ್ಯೋ, ಜಾರ್ತದೆ ಅಲ್ಲಿ," ಎಂದಳು. ಡೆನ್ವರ್ ಪ್ರೊಜೆಕ್ಟರಿನ ಪಕ್ಕದಲ್ಲಿ ನಿಂತು ಹಿಗ್ಗುತ್ತಿದ್ದ. ಆದರೆ ಓಟ ಮೂರನೆಯ ಸುತ್ತಿಗೆ ಬಂದಾಗ ಹಿಂದಿನ ಬೆಂಚಿನಲ್ಲಿ ಇಬ್ಬರು ಹಸುವಿನ ಕೆಚ್ಚಲು ಬಾವಿನ ಮಾತು ಶುರುಮಾಡಿದ್ದನ್ನು ಪ್ರಭಾವತಿ ಕಂಡಳು.

ಸುಘೋಷ ಏದುಸಿರು ಬಿಡುತ್ತ ಭತ್ತದ ನಡುವಿನಿಂದ ಹೊರಬಂದ.

"ಇವನು ಕಾಪುವಿಂದ ಇಲ್ಲಿಗೆ ಬಸ್ಸಿನಲ್ಲಿ ಬಂದದ್ದಾ?" ಎಂದು ಒಂದು ಸ್ವರ ಕೇಳಿತು. ನಗು ಹರಡಿತು. ಡೆನ್ವರನ ಮುಖ ಸ್ವಲ್ಪ ಇಳಿಯಿತು.

ಹುಣಿ ಬಂತು. ಹುಣಿಯ ಮೇಲೆ ಪ್ರಭಾವತಿ. "ಪ್ರಭಕ್ಕ! ಪ್ರಭಕ್ಕ!" ಎಂದು ಚಪ್ಪಾಳೆ ಬಿತ್ತು. ಅವಳ ತಲೆಯ ಆಚೆ ನೌಕೆ, ನೌಕೆಯ ಬಾಗಿಲ ಹಿಡಿಯಲ್ಲಿ ತೆನೆ. ಪ್ರಭಾವತಿ ಜನರ ಮುಖ ನೋಡಿದಳು. ಡೆನ್ವರನೂ ನೋಡುತ್ತಿದ್ದ. ಈಗ ನಗುತ್ತಾರೆ, ಈಗ.

ಯಾರೂ ನಗಲಿಲ್ಲ.

"ತೆನೆ ಯಾವಾಗ ಕಟ್ಟಿದ್ದು ಪ್ರಭಕ್ಕ?" ಎಂದು ವೆರೊನಿಕಾ ಬಾಯಮ್ಮ ಕತ್ತಲೆಯಲ್ಲಿಯೇ ಕೇಳಿದಳು. "ಅವನು ಆಚೆ ಕಡಲ ಬದಿ ಓಡ್ತಾ ಇರುವಾಗಲಾ?"

"ಮತ್ತೆ ಯಾವಾಗ ಬಾಯಮ್ಮ?" ಎಂದು ದಾಮೋದರ ಹೆಮ್ಮೆಯಿಂದ ಉತ್ತರ ಕೊಟ್ಟ. "ಬೆಳಿಗ್ಗೆ ಎದ್ದು ನೋಡಿದಾಗ ಗದ್ದೆ ಬದಿಯಲ್ಲಿ ಇತ್ತಲ್ಲ ಅದು. ಹಬ್ಬದ ದಿನ ಕಟ್ಟದೆ ಬಿಡ್ಲಿಕ್ಕೆ ಆಗ್ತದಾ?"

ಪಂಚೆಯ ಮೇಲಿನ ಪ್ರಭಾವತಿ, "ನೀವು ಯಾರ ಮನೆಯವರು?" ಎಂದು ಕೇಳಿದಳು. ಸುಘೋಷ ತಿರುಗಿ ಆಕಾಶ ನೋಡಿದ.

"ಅದಲ್ಲ ದಾಮೋದರಣ್ಣ," ಎಂದ ಬಸ್ಸಿನ ಮಾತು ಎತ್ತಿದವನು. "ಬೇರೆಯವರ ಗಾಡಿಗೆ ಕೇಳದೆ ಕಟ್ಟಬಹುದಾ?"

"ನಮ್ಮ ಗದ್ದೆ ಬದಿ ನಿಲ್ಲಿಸುವಾಗ ಅವ ಕೇಳಿದ್ದಾನಾ?"

"ಅದೂ ಹೌದು."

"ಕಟ್ಟಿದ ಮೇಲೆ ಅದು ಮನೆಯ ಲೆಕ್ಕಕ್ಕೆ ಬಂತು," ಎಂದಳು ಸುಘೋಷನ ತಾಯಿ. "ಇನ್ನು ಪೊಲೀಸರು ಬಂದರೆ ಇವಳು ಅವನನ್ನು ಹೇಗೆ ಬಿಟ್ಟುಕೊಡುವುದು?"

"ಬಿಟ್ಟುಕೊಡದಿದ್ದರೆ ಕೇಸಾಗ್ತದೆ."

"ಆಗ್ಲಿ. ಅವ ಎಂತ ಕದ್ದಿದ್ದಾನಾ?"

ಗದ್ದಲ ಹೆಚ್ಚಿತು. ಡೆನ್ವರ್ ಏನೂ ತೋಚದೆ ಚಿತ್ರವನ್ನು ನಿಲ್ಲಿಸಿದ. ಪಂಚೆಯ ಮೇಲೆ ಸುಘೋಷ ಬಾಯಿ ತೆರೆದು ನಿಂತ. ಆಂಟನಿ ಎದ್ದು ನಿಂತು ಹಿಂದೆ ತಿರುಗಿದ.

"ನಂಗೊಂದು ಡೌಟು. ಅವ ಅದನ್ನು ಹಾಗೇ ತಕೊಂಡು ಹೋಗ್ತಾನೆ ಅಂತ ಇಟ್ಕೊಳ್ಳಿ. ಅಲ್ಲಿ ಬಿತ್ತಿದ್ರೆ ಮೊಳಕೆ ಬರ್ತದಾ?"

"ಆಂಟನಿ ಪೊರ್ಬುಲೇ, ಅದು ಎಷ್ಟು ದೂರ ಅನ್ನುವುದರ ಮೇಲೆ," ಎಂದ ದಾಮೋದರ. "ಭತ್ತದ ಬೀಜ ಎರಡನೇ ವರ್ಷಕ್ಕೇ ಕೈಕೊಡ್ತದೆ. ಮಗ ಡೆನ್ವರ್, ಎಷ್ಟು ದೂರ ಉಂಟು ಅವನ ಊರು?"

ಡೆನ್ವರ್ ಸಂಹಿತಾಳ ಮುಖ ನೋಡಿದ. ಅವಳು ಇವನ ಮುಖ ನೋಡಿದಳು. "ನಾವು ಅದನ್ನು… ಒಂದು ನಾಲ್ಕು ಜ್ಯೋತಿರ್ವರ್ಷ ಅಂಕಲ್," ಎಂದ.

"ಅಂದ್ರೆ?"

"ಬೆಳಕು ಹೋಗ್ಲಿಕ್ಕೇ ನಾಲ್ಕು ವರ್ಷ ಬೇಕು."

"ಹೋಯ್ತು!" ಎಂದು ನಾಲ್ಕೈದು ಜನ ಒಟ್ಟಿಗೆ ಹೇಳಿದರು. ಬೀಜ ಸತ್ತಿತೆಂಬ ಮರುಕ ಅದರಲ್ಲಿತ್ತು.

"ಒಳಗೆ ಫ್ರಿಜ್ ಉಂಟಾ?" ಎಂದು ವೆರೊನಿಕಾ ಬಾಯಮ್ಮ ಆಂಟನಿಯನ್ನು ಕೇಳಿದಳು.

"ನಾನು ಇಟ್ಟಿಲ್ಲಪ್ಪ."

"ಆಕಾಶವೇ ಫ್ರಿಜ್ಜಲ್ವಾ," ಎಂದ ಸುಘೋಷ. ಅವನು ಅಷ್ಟರವರೆಗೆ ನಾಚಿಕೊಂಡು ಕಂಬದ ಹಿಂದೆ ನಿಂತಿದ್ದ. "ಹೊರಗೆ ಕಟ್ಟಿದ್ದಲ್ವಾ ತೆನೆ. ನಮ್ಮ ಲ್ಯಾಬಿಗಿಂತ ತಂಪು ಅಲ್ಲಿ."

ಇದು ಎಲ್ಲರಿಗೂ ಹೊಸದು. ಹಾಗಾದರೆ ಬೀಜ ಉಳಿಯಬಹುದು. ಉಳಿದರೂ ಅಲ್ಲಿ ನೀರು ಉಂಟೋ ಇಲ್ಲವೋ. ನೀರು ಇದ್ದರೆ ಅವನು ಇಲ್ಲಿಗೆ ಯಾಕೆ ಬರುತ್ತಿದ್ದ. ಹಿಂದಿನ ಬೆಂಚಿನ ಕೆಚ್ಚಲು ಬಾವಿನವರೂ ಈಗ ಎದ್ದು ಮುಂದೆ ಬಂದಿದ್ದರು. ಪ್ರಭಾವತಿ ಒಂದೊಂದೇ ಮುಖವನ್ನು ನೋಡುತ್ತಿದ್ದಳು. ಓಟ ನೋಡುವಾಗಿನ ಹೊಳಪೇ ಈ ಕಣ್ಣುಗಳಲ್ಲೂ ಇತ್ತು. ಯೋಚನೆ ಬೇರೆ, ಮಜಾ ಬೇರೆ ಎಂದು ಈ ಇಬ್ಬರು ಮಕ್ಕಳು ವಾರವಿಡೀ ಜಗಳ ಮಾಡಿದ್ದರು. ಇಲ್ಲಿ ಕುಳಿತವರಲ್ಲಿ ಯಾರು ಯೋಚಿಸುತ್ತಿದ್ದಾರೆ, ಯಾರು ಮಜಾ ಮಾಡುತ್ತಿದ್ದಾರೆ ಎಂದು ಕೇಳಿದರೆ ಅವಳಿಗೆ ಬೇರ್ಪಡಿಸಿ ತೋರಿಸಲು ಆಗುತ್ತಿರಲಿಲ್ಲ.

"ಮುಂದೆ ಹಾಕಿ, ಮುಂದೆ ಹಾಕಿ," ಎಂದು ಯಾರೋ ಕೂಗಿದರು. "ಅವ ಎಂತ ಹೇಳ್ತಾನೆ ನೋಡುವ."

ಜನ ಮತ್ತೆ ಕುಳಿತರು. ಡೆನ್ವರ್ ಗುಂಡಿ ಒತ್ತಿದ. ಪಂಚೆಯ ತುಂಬ ಪ್ರಭಾವತಿಯ ಮುಖ ಬಂತು.

"ಓ ಅಪರಿಚಿತನೇ, ಮಣ್ಣು ಎಂದರೆ ಬ್ರಹ್ಮಾಂಡದ ನೆನಪು…"

ಮೊದಲ ನಿಮಿಷ ಎಲ್ಲರೂ ಗೌರವದಿಂದ ಕೇಳಿದರು. ಎರಡನೆಯ ನಿಮಿಷಕ್ಕೆ ಆಂಟನಿಯ ಹೆಂಡತಿ ಆಕಳಿಸಿದಳು. ಬಸ್ಸಿನ ಮಾತಿನವನು ಮೊಬೈಲ್ ತೆಗೆದ. ಅದರ ಬೆಳಕು ಅವನ ಗಲ್ಲಕ್ಕೆ ಬಿತ್ತು. ವೆರೊನಿಕಾ ಬಾಯಮ್ಮ ಚೀಲದಲ್ಲಿ ಏನನ್ನೋ ಹುಡುಕತೊಡಗಿದಳು. ಮನುಷ್ಯ ಏನನ್ನು ಮರೆತಿದ್ದಾನೆ, ಬೀಜ ಏನನ್ನು ಕಲಿಸುತ್ತದೆ, ನಕ್ಷತ್ರದವರೂ ನಾವೂ ಹೇಗೆ ಒಂದೇ ಎಂದು ಪಂಚೆಯ ಮೇಲಿನ ಹೆಂಗಸು ಒಂದೊಂದಾಗಿ ಹೇಳುತ್ತ ಹೋದಳು. ಸೀರೆ ಚೆನ್ನಾಗಿ ಕಾಣುತ್ತಿತ್ತು. ಮುಖವೂ ಕೆಟ್ಟದಿರಲಿಲ್ಲ. ಪ್ರಭಾವತಿ ತನ್ನನ್ನೇ ತಾನು ನೋಡುತ್ತ, ಇವಳು ಯಾವಾಗ ನಿಲ್ಲಿಸುತ್ತಾಳೆ ಎಂದು ಕಾಯುತ್ತಿರುವುದು ಗೊತ್ತಾಗಿ ಬೆಚ್ಚಿದಳು.

*

ಐದು ಗಂಟೆಗೆ ಜನ ಇಳಿದು ಕ್ಯಾನು ಎತ್ತಿಕೊಂಡರು. ಹಾಲು ಅಳೆಯುವ ಸಾಲಿನಲ್ಲೂ ಮೊಳಕೆಯ ಮಾತೇ ನಡೆದಿತ್ತು. ಮೇಲೆ ಖಾಲಿ ಹಾಲ್‌ನಲ್ಲಿ ಮೂವರು ಉಳಿದರು. ಸಂಹಿತಾ ಪಂಚೆ ಮಡಚುತ್ತಿದ್ದಳು, ಡೆನ್ವರ್ ವಯರು ಸುತ್ತುತ್ತಿದ್ದ.

"ಆಯ್ತು," ಎಂದ ಅವನು ಕೊನೆಗೆ. "ಸೀನ್ ಇರ್ಲಿ. ಯಾರೂ ನಗ್ಲಿಲ್ಲ. ನಾನು ತಪ್ಪು ಅಂದದ್ದು ಅವರಿಗೆ ತಪ್ಪಾಗಿಯೇ ಕಾಣ್ಲಿಲ್ಲ."

ಸಂಹಿತಾಳ ಮುಖ ಅರಳಿತು. "ಹೇಳಿದ್ದೆ ನಾನು, ಜನರಿಗೆ ಯೋಚನೆ ಬೇಕು ಅಂತ."

"ಮಗಳೇ," ಎಂದಳು ಪ್ರಭಾವತಿ, "ನನ್ನ ಮಾತು ತೆಗೆದುಬಿಡು."

"ಯಾವ ಮಾತು?"

"ಓ ಅಪರಿಚಿತನೇ ಅಂತ ಶುರು ಆಗ್ತದಲ್ಲ. ಅದು ಪೂರಾ. ನಾಲ್ಕು ನಿಮಿಷ ಉಂಟಲ್ವಾ?"

ಸಂಹಿತಾ ಪಂಚೆಯನ್ನು ಎದೆಗೆ ಹಿಡಿದುಕೊಂಡು ನಿಂತಳು. "ದೊಡ್ಡಮ್ಮ, ಇಡೀ ಸಿನಿಮಾದ ಅರ್ಥವೇ ಅದು. ನಾನು ಎರಡು ತಿಂಗಳು ಕೂತು ಬರೆದದ್ದು."

"ಗೊತ್ತುಂಟು. ಚಂದ ಉಂಟು ಬರೆದದ್ದು. ನನಗೆ ಈಗಲೂ ಬಾಯಿಪಾಠ ಬರ್ತದೆ." ಪ್ರಭಾವತಿ ಮಾತು ಹುಡುಕಿದಳು. ಹುಡುಗಿಯ ಮನಸ್ಸು ನೋಯುವುದು ಅವಳಿಗೆ ಬೇಕಿರಲಿಲ್ಲ. "ಆದ್ರೆ ಅಲ್ಲಿ ಅವರೆಲ್ಲ ಕೇಳ್ತಾ ಇದ್ರು. ಮೊಳಕೆ ಬರ್ತದಾ, ಪೊಲೀಸರಿಗೆ ಕೊಡಬೇಕಾ ಅಂತ. ಅಷ್ಟರಲ್ಲಿ ನಾನು ಎದ್ದು ಉತ್ತರ ಹೇಳಿ ಎಲ್ಲರನ್ನೂ ಕೂರಿಸಿದ ಹಾಗೆ ಆಯ್ತು. ನಮ್ಮ ಮಾಷ್ಟ್ರ ಹಾಗೆ."

"ಆದ್ರೆ ನಿಮ್ಮ ಕ್ಲೋಸಪ್ ಅದರಲ್ಲೇ ಇರುವುದು ಆಂಟಿ," ಎಂದ ಡೆನ್ವರ್ ಮೆಲ್ಲಗೆ. "ಅದು ಹೋದ್ರೆ ಉಳಿಯುವುದು ದೂರದ ಶಾಟ್ ಮಾತ್ರ. ಹೆಚ್ಚು ಕಡಿಮೆ ನಿಮ್ಮ ಬೆನ್ನು. ಒಂದೇ ಒಂದು ಮಾತು."

ಅದನ್ನು ಅವಳು ಯೋಚಿಸಿರಲಿಲ್ಲ. ಅಲೆವೂರಿನಲ್ಲಿ ಅಣ್ಣ ಕನ್ನಡಕ ಒರೆಸಿಕೊಂಡು ಮುಖ ಹುಡುಕುವುದು ಕಣ್ಣಿಗೆ ಕಟ್ಟಿತು.

"ಬೆನ್ನಾದರೂ ನನ್ನದೇ ಅಲ್ವಾ," ಎಂದಳು. "ಅಣ್ಣನಿಗೆ ಗುರುತು ಸಿಗ್ತದೆ." ಆಮೇಲೆ ಡೆನ್ವರನ ಕಡೆ ತಿರುಗಿ, "ನಿನಗೆ ಖುಷಿಪಡ್ಲಿಕ್ಕೆ ಇಲ್ಲ. ಆರು ನಿಮಿಷ ಬೇಕಲ್ವಾ? ಇನ್ನೆರಡು ನಿನ್ನ ಓಟದಿಂದ."

"ಡ್ರೋನ್ ಶಾಟ್ ಆಂಟಿ! ಮೂರು ಬ್ಯಾಟರಿ ಮುಗಿಸಿ ತೆಗೆದದ್ದು!"

"ಮೂರನೇ ಸಲ ಬಂಡೆ ಸುತ್ತುವಾಗ ಹಿಂದೆ ಇಬ್ಬರು ದನದ ಮಾತು ಶುರುಮಾಡಿದ್ರು. ನಾನು ನೋಡಿದ್ದೇನೆ."

ಡೆನ್ವರ್ ಸಂಹಿತಾಳನ್ನು ನೋಡಿದ. ಸಂಹಿತಾ ನಗಲಿಲ್ಲ. ಪಂಚೆಯನ್ನು ಪೂರ್ತಿ ಮ‌ಡಚಿ, ಅದರ ಮೇಲೆ ಕೈಯಾಡಿಸಿ, "ಒಮ್ಮೆ ತೆಗೆದು ನೋಡುವ," ಎಂದಳು. "ನೋಡುವ ಅಂತ ಮಾತ್ರ."

*

ಬುಧವಾರ ಪ್ರಭಾವತಿ ಮಧ್ಯಾಹ್ನದ ಬಸ್ಸಿಗೆ ಮಣಿಪಾಲಕ್ಕೆ ಹೋದಳು. ಕರೆದದ್ದು ಸಂಹಿತಾ. ಕಿಟಕಿಯಿಲ್ಲದ ಸಣ್ಣ ಕೋಣೆ, ಎಸಿಯ ಚಳಿ, ಎರಡು ದೊಡ್ಡ ಪರದೆಗಳು. ಕೆಳಗೆ ಉದ್ದಕ್ಕೆ ಬಣ್ಣದ ಪಟ್ಟಿಗಳು ಹಾಸಿದ್ದವು. ಯಾವುದು ಮಾತು, ಯಾವುದು ಚಿತ್ರ ಎಂದು ಅವಳು ಕೇಳಿ ತಿಳಿದುಕೊಂಡಳು. ನೀಲಿಯ ಒಂದು ಉದ್ದ ತುಂಡು ಅವಳ ಮಾತಂತೆ.

ಸಂಹಿತಾ ತಾನೇ ಗುಂಡಿ ಒತ್ತಿದಳು. ನೀಲಿ ತುಂಡು ಮಾಯವಾಯಿತು. ಎರಡೂ ಬದಿಯ ಪಟ್ಟಿಗಳು ಸರಿದು ಬಂದು ಅಂಟಿಕೊಂಡವು.

"ಎಲ್ಲಿಗೆ ಹೋಯ್ತು ಅದು?" ಎಂದಳು ಪ್ರಭಾವತಿ.

"ಉಂಟು ದೊಡ್ಡಮ್ಮ, ಒಳಗೆ ಇರ್ತದೆ. ಸಿನಿಮಾದಲ್ಲಿ ಕಾಣುದಿಲ್ಲ ಅಷ್ಟೆ."

ಮೂವರೂ ನೋಡಿದರು. ದೂರದ ಹುಣಿಯ ಮೇಲೆ ಒಬ್ಬ ಹೆಂಗಸು, ಬೆನ್ನು ಈ ಕಡೆಗೆ. ಭತ್ತ ತೂಗುತ್ತಿದೆ. ಬೆಳ್ಳಿಯ ಮನುಷ್ಯ ಬಂದು ನಿಲ್ಲುತ್ತಾನೆ. ಅವಳು ಕೇಳುತ್ತಾಳೆ. ಅವನು ಬಾಯಿ ತೆರೆಯುತ್ತಾನೆ, ಮುಚ್ಚುತ್ತಾನೆ, ತಿರುಗಿ ಆಕಾಶ ನೋಡುತ್ತಾನೆ. ಅವನ ಜೊತೆಗೆ ಅವಳ ತಲೆಯೂ ಮೇಲೆ ಹೋಗುತ್ತದೆ. ಅವಳು ತಾನೂ ಮೇಲೆ ನೋಡಿದ್ದಳೆಂಬುದು ಪ್ರಭಾವತಿಗೆ ಗೊತ್ತೇ ಇರಲಿಲ್ಲ. ಇಬ್ಬರೂ ನೋಡುತ್ತಲೇ ಇರುತ್ತಾರೆ. ಏನೂ ಆಗುವುದಿಲ್ಲ. ಆಮೇಲೆ ಅವನು ನೌಕೆಯ ಕಡೆ ನಡೆಯುತ್ತಾನೆ.

"ಇಲ್ಲಿ ಸ್ವಲ್ಪ ಮ್ಯೂಸಿಕ್ ಹಾಕುವ," ಎಂದ ಡೆನ್ವರ್.

"ಬೇಡ," ಎಂದಳು ಸಂಹಿತಾ.

"ಇಷ್ಟು ಖಾಲಿ ಬಿಟ್ರೆ ಜನ…" ಅವನು ಅಲ್ಲಿಗೆ ನಿಲ್ಲಿಸಿದ. ಪರದೆಯ ಮೇಲೆ ನಿಂತುಹೋದ ಸುಘೋಷನ ಮುಖವನ್ನು ನೋಡುತ್ತ, "ಇವ ಎಂತ ಹುಡುಕ್ತಾ ಇದ್ದಾನೆ ಮೇಲೆ? ಅವನ ಊರು ಆ ಕಡೆಯೇ ಅಂತ ಅವನಿಗೆ ಹೇಗೆ ಗೊತ್ತು, ಹಗಲಲ್ಲಿ?"

ಸಂಹಿತಾ ಕುರ್ಚಿ ಮುಂದಕ್ಕೆ ಎಳೆದುಕೊಂಡಳು.

"ಗೊತ್ತಿಲ್ಲ ಅವನಿಗೆ," ಎಂದಳು ಪ್ರಭಾವತಿ. "ಇನ್ನೊಮ್ಮೆ ಹಾಕು."

"ಆಂಟಿ, ನಿಮಗೆ ಕಾರ್ಕಳದ ಬಸ್ ತಪ್ತದೆ."

"ಹಿಂದೆಯೇ ಇನ್ನೊಂದು ಉಂಟು. ನೀನು ಹಾಕು."